ಪಾಲಾದ ಮಷಿನ್ನಿನ ಹಿಂದೆ ನಾಲ್ಕು ತಾಲ್ಲೂಕು

ಬಾಬುರಾಯನಕೊಪ್ಪಲಿನ ನನ್ನ ಶೆಡ್ಡಿನಿಂದ ನಜೀರ್ ಭಾಯಿಯ ಲಗೇಜು ಗಾಡಿಯಲ್ಲಿ ಹೊರಟಾಗ ಮೋಡ ಮುಸುಕಿತ್ತು. ತುಕ್ಕು ಹಿಡಿದ ಮರಗೆಲಸದ ಮಷಿನ್ನುಗಳನ್ನು ಕೊಂಡು, ಬಿಚ್ಚಿ, ಉಜ್ಜಿ, ಮತ್ತೆ ಓಡುವಂತೆ ಮಾಡಿ ಮಾರುವುದು ನನ್ನ ಕಸುಬು. ಪಾಂಡವಪುರದ ದೇವರಾಜು ಎಂಬುವರು ಫೋನು ಮಾಡಿ, ಅಪ್ಪನ ಕಾಲದ ತೋಪಡದ ಮಷಿನ್ನಿದೆ, ಬಂದು ತೆಗೆದುಕೊಂಡು ಹೋಗಿ ಎಂದಿದ್ದರು. ಹಲಗೆಯ ಮೈ ನಯ ಮಾಡುವ ಯಂತ್ರ ಅದು. ಎರಡು ಉದ್ದನೆಯ ಬೀಡುಕಬ್ಬಿಣದ ಹಾಸು, ಅವುಗಳ ನಡುವೆ ಬ್ಲೇಡು ಕಟ್ಟಿದ ಉರುಳೆ. ಅಷ್ಟು ದಪ್ಪನೆಯ ಬೀಡು ಈಗಿನ ಮಷಿನ್ನುಗಳಲ್ಲಿ ಹುಡುಕಿದರೂ ಸಿಗದು. ಅಂಥದ್ದೊಂದು ಸಿಕ್ಕರೆ ಯಾರಿಗೂ ಮಾರದೆ ನನ್ನ ಕೆಲಸಕ್ಕೇ ಇಟ್ಟುಕೊಳ್ಳಬೇಕೆಂಬ ಆಸೆ ಬಹಳ ದಿನದ್ದು.

ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿಕೊಂಡು ಪಾಂಡವಪುರ ಸೇರಿದೆವು. ದೇವರಾಜು ಕಾಫಿ ಕೊಟ್ಟು, ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು. ಮಷಿನ್ನಿನ ಕಾಲುಗಳು ತಿಪ್ಪೆಯಲ್ಲಿ ಹೂತಿದ್ದವು. ಒಂದು ಹಾಸಿನ ಮೇಲೆ ಹಾಲಿನ ಕ್ಯಾನುಗಳು ಕೂತಿದ್ದವು. ಉಳಿದದ್ದು ಎಲ್ಲಿ ಎಂದೆ.

“ನನ್ ಪಾಲ್ಗೆ ಬಂದಿದ್ದು ಇಷ್ಟೇ ಕಣಣ್ಣ. ಅಪ್ಪ ತೀರ್ಕಂಡ್ಮೇಲೆ ಪಾಲಾಯ್ತು. ಇನ್ನೊಂದ್ ಹಾಸು ನಮ್ ತಮ್ಮ ಕುಮಾರಂಗೋಯ್ತು. ಅವ್ನು ಕೆ.ಆರ್. ಪೇಟೇಲವ್ನೆ.”

“ಬ್ಲೇಡಿನ ಉರುಳೆ?”

“ಅದೆಲ್ಲೋ ಕಳ್ದೋಯ್ತು, ಬುಡಿ.”

ನನಗೆ ಮೈ ಉರಿದುಹೋಯಿತು. ನಾಲ್ಕು ಜನ ದೊಡ್ಡವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಓಡುತ್ತಿದ್ದ ಮಷಿನ್ನಿನ ಬೋಲ್ಟು ಬಿಚ್ಚಿಸಿ ನಿನಗೊಂದು ನಿನಗೊಂದು ಎಂದು ಹಂಚಿದ್ದರಂತೆ. ಹಸುವಾಗಿದ್ದರೆ ಹೀಗೆ ಕೊಯ್ದು ಹಂಚಿಕೊಳ್ಳುತ್ತಿದ್ದಿರಾ ಎಂದು ಕೇಳಿದೆ. ದೇವರಾಜು ನಕ್ಕರು. ಗುಜರಿಯ ಬೆಲೆ ಕೊಟ್ಟು, ಸಿಕ್ಕಷ್ಟನ್ನು ಗಾಡಿಗೆ ಹೇರಿಸಿದೆ.

ಚಿನಕುರಳಿ ದಾಟಿ ಕೆ.ಆರ್. ಪೇಟೆಯವರೆಗೂ ನಾನು ಬೈಯುತ್ತಲೇ ಇದ್ದೆ, ನಜೀರ್ ಭಾಯಿ ಹೂಂಗುಟ್ಟುತ್ತಲೇ ಇದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಬಿಸಿ ಮುದ್ದೆ, ಉಪ್ಸಾರು ಸಿಕ್ಕಿತು. ಆ ಖಾರಕ್ಕೆ ಸಿಟ್ಟು ಒಂದಿಷ್ಟು ಇಳಿದಿತ್ತು, ಕುಮಾರನ ಮನೆಯ ಮುಂದೆ ಮತ್ತೆ ಏರಿತು. ಎರಡನೆಯ ಹಾಸನ್ನು ಆ ಪುಣ್ಯಾತ್ಮ ಮೋರಿಯ ಮೇಲೆ ಚಪ್ಪಡಿ ಮಾಡಿದ್ದ. ನಾವು ನೋಡುತ್ತಿದ್ದಂತೆಯೇ ಬೈಕನ್ನು ಅದರ ಮೇಲೆ ಹತ್ತಿಸಿಕೊಂಡು ಒಳಗೆ ಬಂದ. ಕೂದಲೆಳೆಯಷ್ಟೂ ಏರುಪೇರಿಲ್ಲದೆ ಮಟ್ಟ ಮಾಡಿದ ಹಾಸು ಅದು. ಅದರ ಮೇಲೆ ಟೈರಿನ ಕೆಸರು, ಸೋಪಿನ ನೊರೆ, ಕೋಳಿಯ ಹಿಕ್ಕೆ.

“ಬಲವಾಗದೆ ಸಾ. ಟ್ರಾಕ್ಟರು ಅತ್ತುದ್ರೂ ಬಗ್ಗಾಕಿಲ್ಲ,” ಎಂದು ಹೆಮ್ಮೆಯಿಂದ ಹೇಳಿದ. ಅದರ ಜಾಗಕ್ಕೆ ಕಲ್ಲು ಚಪ್ಪಡಿ ತರಿಸಿಕೊಡುತ್ತೇನೆ ಎಂದ ಮೇಲೆ ಬಿಟ್ಟುಕೊಟ್ಟ. ಉರುಳೆ ಕಳೆದುಹೋಯಿತಂತಲ್ಲ ಎಂದೆ.

“ಯಾರ್ ಯೋಳುದ್ರು? ನಮ್ ತಂಗಿ ಜಯಮ್ಮ ಎತ್ಕಂಡೋಗವ್ಳೆ. ನಾಗಮಂಗಲದಲ್ಲವ್ಳೆ.”

“ಆಕೆಗೂ ಪಾಲು ಕೊಟ್ಟಿದ್ದಿರಾ?”

“ಎಣ್ಣೈಕ್ಳಿಗೆಂತಾ ಪಾಲು ಸಾ. ಸೀರೆ ಕೊಟ್ವಿ, ರುಜು ಆಕುದ್ಲು.”

ನಾಗಮಂಗಲದ ದಾರಿಯುದ್ದಕ್ಕೂ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಜಮೀನು, ಮನೆ, ಮಷಿನ್ನು ಎಲ್ಲ ಇಬ್ಬರಿಗೆ. ಆಕೆಗೆ ಒಂದು ಸೀರೆ. ಅದನ್ನು ಹೇಳುವಾಗ ಕುಮಾರನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಇಂಥವರ ಕೈಗೆ ಸಿಕ್ಕ ಕಬ್ಬಿಣ ತುಕ್ಕು ಹಿಡಿಯದೆ ಇನ್ನೇನಾದೀತು ಎಂದು ನಜೀರ್ ಭಾಯಿಯ ಮುಂದೆ ಹರಿಹಾಯ್ದೆ.

ಜಯಮ್ಮ ಗಂಡನೊಂದಿಗೆ ಬಾಗಿಲು ಕಿಟಕಿ ಮಾಡುವ ಅಂಗಡಿ ನಡೆಸುತ್ತಿದ್ದರು. ಗಂಡ ಯಾರದೋ ಮನೆಗೆ ಬಾಗಿಲು ಕೂರಿಸಲು ಹೋಗಿದ್ದರು. ಬಂದ ಕಾರಣ ಹೇಳಿದೆ. ಆಕೆ ಗಾಡಿಯ ಹತ್ತಿರ ಹೋಗಿ, ಒಂದು ಹಾಸಿನ ಮೈಗೆ ಮೆತ್ತಿದ್ದ ಸಗಣಿಯನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಒಳಗಿನಿಂದ ಎಣ್ಣೆ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಉರುಳೆಯ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಬೆಲೆ ಹೇಳಿ ಎಂದೆ.

“ಮದ್ವೆಗ್ ಮುಂಚೆ ಅಪ್ಪನ್ ಜೊತೆ ಈ ಮಷಿನ್ತಾವ ನಿಂತಿದ್ದೋಳು ನಾನು. ಅಣ್ಣಂದೀರಿಬ್ರೂ ಗದ್ದೆ ಕಡೆ ಓಗೋರು. ಪಾಲಿನ್ ದಿನ ನನ್ನ ಒಂದ್ ಮಾತ್ ಕೇಳ್ನಿಲ್ಲ. ಅದ್ಕೆ ಅವ್ರು ಕೊಟ್ ಸೀರೇಲೇ ಸುತ್ಕಂಡು ತಂದ್ಬುಟ್ಟೆ. ಇದು ಮಾರಾಕಲ್ಲಣ್ಣ.”

“ಹಾಸಿಲ್ಲದೆ ಇದನ್ನು ಇಟ್ಟುಕೊಂಡು ಏನು ಮಾಡ್ತೀರಿ?” ನನ್ನ ದನಿ ಗಡುಸಾಗಿತ್ತು.

“ಇದಿಲ್ದೆ ಅದನ್ನಿಟ್ಕಂಡು ನೀವೇನ್ ಮಾಡೀರಿ?” ಎಂದರು ಜಯಮ್ಮ. “ನೀವ್ ಕೊಟ್ಟಿರೋ ದುಡ್ನ ಗಾಡಿ ಬಾಡ್ಗೆ ಸಮೇತ ಕೊಡ್ತೀನಿ. ಇಲ್ಲೇ ಇಳಿಸ್ಬುಡಿ.”

ಇದೆಂಥ ನ್ಯಾಯ ಎಂದು ನನಗೆ ಸಿಟ್ಟು ಬಂತು. ತಿಪ್ಪೆ ಬಗೆದು, ಮೋರಿ ಕಿತ್ತು ತಂದವನು ನಾನು. ಇಂಥ ಮಷಿನ್ನು ನನಗೆ ಇನ್ನೊಮ್ಮೆ ಸಿಗುವ ನಂಬಿಕೆಯೂ ಇರಲಿಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಗಾಡಿಗೆ ಒರಗಿ ನಿಂತಿದ್ದ ನಜೀರ್ ಭಾಯಿ ಮೆಲ್ಲಗೆ ಹೇಳಿದರು.

“ಬೆಳಿಗ್ಗೆಯಿಂದ ಅವರಿಬ್ಬರ್ನ ಬೈದು ಬೈದು ನನ್ನ ಕಿವಿ ತೂತು ಮಾಡಿದ್ರಿ ಭಾಯ್. ಈಗ ಹಗ್ಗ ಬಿಚ್ಚಲಾ, ಬೇಡ್ವಾ?”

ಬಿಚ್ಚಿ ಎಂದೆ. ಸಂತೋಷದಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಅಕ್ಕಪಕ್ಕದವರ ಕೈ ಸೇರಿ ಹಾಸುಗಳು ಇಳಿದವು. ಎರಡನ್ನೂ ಮಟ್ಟ ಮಾಡಿ ಉರುಳೆ ಕೂರಿಸಲು ಭಾನುವಾರ ಬರುತ್ತೇನೆ ಎಂದು ನಾನೇ ಹೇಳಿದೆ. ನಾವು ಹೊರಡುವಾಗ ಜಯಮ್ಮ ಸೆರಗು ಸಿಕ್ಕಿಸಿಕೊಂಡು ಸೀಮೆಎಣ್ಣೆ ಬಟ್ಟೆಯಿಂದ ಹಾಸು ಉಜ್ಜುತ್ತಿದ್ದರು.

ಜಕ್ಕನಹಳ್ಳಿ ಹತ್ತಿರ ದೇವರಾಜು ಫೋನು ಮಾಡಿ, ಉರುಳೆ ಸಿಕ್ಕಿತೇ ಎಂದು ಕೇಳಿದರು. ಎಲ್ಲವನ್ನೂ ನಿಮ್ಮ ತಂಗಿಯ ಅಂಗಡಿಯಲ್ಲೇ ಇಳಿಸಿ ಬಂದೆ ಎಂದೆ.

“ಅವ್ಳಿಗೆ ಅಂತ ಗೊತ್ತಿದ್ರೆ ಕೊಡ್ತಿರ್ನಿಲ್ಲ ಕಣಣ್ಣ,” ಎಂದರು. “ತಿಪ್ಪೇಲೇ ಕೊಳೀಲಿ ಅಂತ ಬುಟ್ಬುಡ್ತಿದ್ದೆ.”

ಅಲ್ಲಿಯವರೆಗೂ ಹಿಂದಿರುಗಿ ಖಾಲಿ ಗಾಡಿಯನ್ನು ನೋಡಿದಾಗಲೆಲ್ಲ ಕೈತಪ್ಪಿದ ಮಷಿನ್ನೇ ಕಣ್ಮುಂದೆ ಬರುತ್ತಿತ್ತು. ಆ ಮಾತು ಕೇಳಿದ ಮೇಲೆ ಖಾಲಿ ಗಾಡಿಯ ಸಂಕಟ ಹೋಯಿತು. ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.