ಬ್ಯಾರಿ ಸೋಡ

ಮೊರೀನ್ ಟೀಚರಿಗೆ ಬರುತ್ತಿದ್ದ ಕನ್ನಡ ಒಂದೇ ವಾಕ್ಯ: “ನಿಮ್ಮ ಅಜ್ಜನ ಹೆಸರೇನು?” ಕಲಿಸಿದವಳು ನಾನೇ. ಒಮಾನಿನ ಅಲ್ ಹೈಲ್‌ನ ನಮ್ಮ ಕಟ್ಟಡಕ್ಕೆ ಎ.ಸಿ. ರಿಪೇರಿಗೆ ಬಂದವನನ್ನೂ ಅವರು ಹಾಗೆಯೇ ಮಾತಾಡಿಸುತ್ತಿದ್ದರು. ರುಸ್ತಾಕ್ ಪೇಟೆಯಲ್ಲಿ ಜೇನು ಮಾರುವ ಮುದುಕನಿಗೆ ಅದನ್ನೇ ಅರಬ್ಬಿಯಲ್ಲಿ ಕೇಳಿದರು. ಆತ ಇಂಥವನ ಮಗ, ಇಂಥವನ ಮಗ ಎಂದು ‘ಬಿನ್, ಬಿನ್’ ಎನ್ನುತ್ತ ಏಳು ತಲೆಮಾರು ಒಪ್ಪಿಸಿದ. ವಾಪಸು ಬರುವ ದಾರಿಯುದ್ದಕ್ಕೂ ಟೀಚರಿಗೆ ಹೊಟ್ಟೆಕಿಚ್ಚು.

ಅವರು ಐರ್ಲೆಂಡಿನವರು, ಇಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ನನ್ನ ಎದುರುಮನೆ. ಅವರ ಮುತ್ತಜ್ಜ ಹೆಂಡತಿ ನೋರಾಳನ್ನು ಊರಲ್ಲಿ ಬಿಟ್ಟು, ನಮ್ಮ ಮಂಗಳೂರಿಗೆ ಬಂದು ಏನೋ ವ್ಯಾಪಾರ ಹೂಡಿದ್ದನಂತೆ. ಆಮೇಲೆ ಸುದ್ದಿಯೇ ಇಲ್ಲ. ನೋರಾ ಕಾದು ಕಾದು, “ನನ್ನನ್ನು ಮರೆತ” ಎಂದು ಅವನ ಫೋಟೋವನ್ನು ಗೋಡೆಯಿಂದ ಇಳಿಸಿಬಿಟ್ಟಳಂತೆ.

“ಮರೆತಿರಲಿಲ್ಲ ಅನ್ನುವುದಕ್ಕೆ ಒಂದು ಗುರುತು ಸಿಗಲಿ, ಆ ಫೋಟೋ ಮತ್ತೆ ಗೋಡೆಗೆ ಹಾಕ್ತೇನೆ,” ಎನ್ನುತ್ತಿದ್ದರು ಟೀಚರ್.

ಮುತ್ತಜ್ಜನ ಮನೆತನದ ಹೆಸರು ಬ್ಯಾರಿ. ನಮ್ಮ ಕರಾವಳಿಯ ಮುಸ್ಲಿಂ ವ್ಯಾಪಾರಿಗಳಿಗೂ ಅದೇ ಹೆಸರು ತಾನೇ! ಕೆಳಗಿನ ಅಂಗಡಿಯ ಹಸನ್‌ಕಾಕ ಕೇಳಿ ಕುಣಿದೇಬಿಟ್ಟರು: “ಎಂತ ಟೀಚರೇ, ಹಾಗಾದ್ರೆ ನೀವು ನಮ್ಮವರೇ! ನಾನೂ ಬ್ಯಾರಿಯೇ ಮಾರಾಯ್ರೇ!” ಅಂದಿನಿಂದ ಟೀಚರಿಗೆ ಅವರು ‘ಕಸಿನ್’.

ಅಣ್ಣನ ಮಗಳ ಮದುವೆಗೆ ನಾನು ಊರಿಗೆ ಹೊರಟಾಗ ಟೀಚರ್ ಮೂರು ಇಗರ್ಜಿಗಳ ಹೆಸರು ಬರೆದುಕೊಟ್ಟರು. ಅಲ್ಲಿನ ಸಮಾಧಿಗಳನ್ನು ನೋಡಿ ಬರಬೇಕು. ಸೀರೆ, ಚಿನ್ನ, ನೆಂಟರ ಗದ್ದಲದಲ್ಲಿ ನಾನು ಒಂದಕ್ಕೂ ಹೋಗಲಿಲ್ಲ. ಬ್ಯಾರಿ ಎಂಬ ಬಿಳಿ ದೊರೆಯೊಬ್ಬ ಇಲ್ಲಿದ್ದನೇ ಎಂದು ಅಮ್ಮನನ್ನು ಮಾತ್ರ ಕೇಳಿದೆ.

“ಬಂದರಿನಲ್ಲಿ ಬ್ಯಾರಿ ಸೋಡ ಅಂತ ಒಂದು ಇತ್ತಂತೆ, ನನ್ನ ಅಜ್ಜ ಅದನ್ನೇ ಕುಡಿಯುವುದು. ದೊರೆಗಳ ಸುದ್ದಿ ನನಗೆಂತ ಗೊತ್ತುಂಟು?”

ಬಂದರಿನ ತುಂಬ ಬ್ಯಾರಿಗಳ ಅಂಗಡಿಗಳೇ ಅಲ್ಲವೇ ಎಂದು ನಕ್ಕು ಸುಮ್ಮನಾದೆ. ನನ್ನ ಮಂಡೆಗೆ ಆಗಲಾದರೂ ಹೊಳೆಯಬೇಡವೇ!

ಮರಳಿ ಬಂದು ಸಲೀಸಾಗಿ ಸುಳ್ಳು ಹೇಳಿದೆ: “ಮೂರೂ ಕಡೆ ನೋಡಿದೆ ಟೀಚರ್. ಎಲ್ಲೂ ಇಲ್ಲ.” ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಆ ಬಿಸಿಲಿನಲ್ಲಿ, ನನಗೋಸ್ಕರ!” ಎಂದು ಚಹಾ ಮಾಡಿಕೊಟ್ಟರು. ಕುಡಿದೆ. ನಾಚಿಕೆಯಾಯಿತು, ಆದರೂ ನಿಜ ಹೇಳಲಿಲ್ಲ. ಮರುವರ್ಷ ಅವರು ನಿವೃತ್ತರಾಗಿ ಊರಿಗೆ ಹೋದರು.

ಮೊನ್ನೆ ಅಮ್ಮ ಅಟ್ಟ ಗುಡಿಸುವಾಗ ಹಳೆಯ ಗೋಲಿ ಸೋಡದ ಬಾಟ್ಲಿಯೊಂದು ಸಿಕ್ಕಿತು. “ನಾನು ಹೇಳಿದ್ದೆನಲ್ಲ, ಬ್ಯಾರಿ ಸೋಡ” ಎಂದು ವಾಟ್ಸಾಪ್‌ನಲ್ಲಿ ಚಿತ್ರ ಕಳಿಸಿದರು. ಗಾಜಿನಲ್ಲೇ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಬಿ, ಎ, ಆರ್, ಆರ್, ವೈ. ಅದರ ಕೆಳಗೆ, ಇನ್ನೂ ದೊಡ್ಡದಾಗಿ, ‘ನೋರಾ’. ತನ್ನ ಸೋಡಕ್ಕೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ!

ಆಗಲೇ ಐರ್ಲೆಂಡಿಗೆ ಫೋನ್ ಹಚ್ಚಿದೆ. ಎತ್ತಿದವಳು ಅವರ ಸೊಸೆ, ತಮ್ಮನ ಮಗಳು. ಟೀಚರ್ ತೀರಿಕೊಂಡು ಎರಡು ತಿಂಗಳಾಗಿತ್ತು.

“ಒಮಾನಿನ ಗೆಳತಿ ನೀವೇನಾ? ಬಿಸಿಲಿನಲ್ಲಿ ಮೂರೂ ಸ್ಮಶಾನ ಸುತ್ತಿದಿರಂತೆ. ಅತ್ತೆ ಎಲ್ಲರಿಗೂ ಹೇಳ್ತಿದ್ದರು. ನೀವೇ ನೋಡಿ ಇಲ್ಲವೆಂದ ಮೇಲೆ ಹುಡುಕುವುದನ್ನೇ ಬಿಟ್ಟರು.”

“ನಾನು ಹೋಗಿರಲಿಲ್ಲಮ್ಮ,” ಎಂದೆ. ಬಾಟ್ಲಿಯ ಸುದ್ದಿ ಹೇಳಿ, ಮುತ್ತಜ್ಜನ ಫೋಟೋವನ್ನು ಗೋಡೆಗೆ ಹಾಕಲು ಬೇಡಿಕೊಂಡೆ.

“ಮನೆ ಖಾಲಿ ಮಾಡುವಾಗ ಹಳೆಯ ಫೋಟೋಗಳನ್ನೆಲ್ಲ ಎಸೆದುಬಿಟ್ಟೆವು,” ಎಂದಳು. “ಯಾರದು ಅಂತ ನಮಗೆ ಗೊತ್ತಿರಲಿಲ್ಲ.”