ಬಿದಿರು ಪರದೆಗೆ ರೇಷ್ಮೆ ದಾರ

ನಮ್ಮ ಮನೆಯ ಪಡುವಣ ಕಿಟಕಿಗೆ ಇಳಿಬಿಟ್ಟಿದ್ದ ಬಿದಿರುಕಡ್ಡಿಯ ಪರದೆಯನ್ನು ನಾನು ಎರಡು ಸಲ ರಿಪೇರಿ ಮಾಡಿದ್ದೇನೆ. ಎರಡನೆಯ ಸಲ ಮಾಡಿದ್ದು ಇಂದಿಗೂ ಗಟ್ಟಿಯಾಗಿದೆ. ಬರೆಯಬೇಕಾಗಿರುವುದು ಮೊದಲ ಸಲದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಾಗಿ ಕೈಮಗ್ಗ ಬಿಚ್ಚಿ ಕರೆಂಟಿನ ಮಗ್ಗ ಹಾಕಿಸುತ್ತಿದ್ದರು. ನಾನೂ ಹಾಕಿಸಿದೆ. ಅದು ಓಡತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಹಾಗಾಗಿ ನಾನೂ ನನ್ನ ಹೆಂಡತಿಯೂ ಕೈಸನ್ನೆಯಲ್ಲೇ ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಬೆರಳು ಬಾಯಿಗೆ ತಂದರೆ ಊಟ. ಎರಡು ತೋರುಬೆರಳುಗಳ ತುದಿ ಕೂಡಿಸಿ ಬೇರೆ ಮಾಡಿದರೆ, ಎಳೆ ಹರಿದಿದೆ ಎಂದು. ಈ ಸನ್ನೆಯನ್ನು ಅವಳೇ ಹೆಚ್ಚಾಗಿ ಮಾಡುತ್ತಿದ್ದಳು. ಹರಿದ ಎಳೆ ನನಗಿಂತ ಮೊದಲು ಅವಳ ಕಣ್ಣಿಗೆ ಬೀಳುತ್ತಿತ್ತು.

ಆ ಕಣ್ಣುಗಳಿಗೇ ಬೆಳಕು ತಡೆದುಕೊಳ್ಳಲಾಗದಂತಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತಲೆಯೊಳಗೆ ಗಡ್ಡೆ ಬೆಳೆದಿದೆ ಎಂದರು. ಮನೆಗೆ ಕರೆದುಕೊಂಡು ಹೋಗಿ, ಕೋಣೆ ಕತ್ತಲಾಗಿಡಿ ಎಂದರು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಅವಳಿಗಾಗಿ ನಾನು ಮಾಡಬಹುದಾಗಿದ್ದು ಅದೊಂದೇ ಆಗಿತ್ತು.

ಕಿಟಕಿಯ ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಪರದೆ ಇಳಿಬಿಟ್ಟರೆ ಗಾಳಿಯಾಡುತ್ತಿತ್ತು. ಆದರೆ ಕಡ್ಡಿಗಳನ್ನು ಹಿಡಿದಿದ್ದ ದಾರ ಸವೆದು ಅಲ್ಲಲ್ಲಿ ಸಂದು ಬಿಟ್ಟಿತ್ತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಬಿಸಿಲಿನ ಗೆರೆಗಳು ಅವಳ ಮುಖದ ಮೇಲೆ ಬೀಳುತ್ತಿದ್ದವು.

"ಊರೋರ್ ಮದ್ವೆಗೆಲ್ಲ ಸೀರೆ ನೇಯ್ತೀರ, ಮನೆ ಕಿಟಕಿಗೆ ನಾಕು ದಾರ ಹಾಕಕ್ಕಾಗಲ್ವೇನ್ರೀ?"

"ಭಾನುವಾರ ಹಾಕ್ತೀನಿ ಕಣೇ."

"ಯಾವ್ ಭಾನುವಾರ ಅಂತ ಸರ್‍ಯಾಗಿ ಹೇಳಿ, ಅಲ್ಲೀವರ್ಗೂ ಇರ್ತೀನಿ."

ಮಾರನೆಯ ದಿನವೇ ಪರದೆ ಬಿಚ್ಚಿದೆ. ಅದನ್ನು ಮಾಡಿಕೊಟ್ಟಿದ್ದ ಬುಟ್ಟಿ ಹೆಣೆಯುವವನ ಹತ್ತಿರ ಹೋಗಿ ಗಂಟು ಹಾಕುವ ಬಗೆ ಕೇಳಿಕೊಂಡೆ.

"ಹತ್ತಿ ಹುರೀನೇ ಹಾಕಣ್ಣ. ಬಿದಿರು ನುಣುಪು, ರೇಷ್ಮೆ ಹಿಡ್ಕೊಳ್ಳಲ್ಲ" ಎಂದ.

"ಹುಟ್ಟಿದಾಗಿಂದ ದಾರದಲ್ಲೇ ಇದೀನಿ ಕಣಯ್ಯ, ನಂಗೇ ಹೇಳ್ಕೊಡ್ತೀಯಾ?"

"ನಿಮ್ದು ಸೀರೆ ಅಣ್ಣ, ಇದು ಕಿಟಕಿ" ಎಂದು ನಕ್ಕ.

ನಾನು ಕೇಳಲಿಲ್ಲ. ಎಲ್ಲಕ್ಕಿಂತ ಗಟ್ಟಿ ದಾರ ರೇಷ್ಮೆ ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೆ ಹತ್ತಿ ಹಾಕಲು ಮನಸ್ಸೂ ಬರಲಿಲ್ಲ. ಅಂಚಿಗೆಂದು ತಂದಿದ್ದ ಕೆಂಪು ರೇಷ್ಮೆಯಲ್ಲಿ ಉಳಿದಿದ್ದನ್ನು ಎಂಟೆಳೆ ಕೂಡಿಸಿ ಹುರಿ ಮಾಡಿ, ನಾವು ಹರಿದ ಎಳೆಗೆ ಹಾಕುವ ಸಣ್ಣ ಗಂಟನ್ನೇ ಹಾಕಿ, ಒಂದೊಂದು ಕಡ್ಡಿಯನ್ನೂ ಕೂರಿಸಿದೆ. ತೂಗುಹಾಕಿದಾಗ ಒಂದು ಸಂದೂ ಇರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ದಾರ ಸವರಿದಳು.

"ಯಾವ್ ಬಣ್ಣ?"

"ಕೆಂಪು."

"ಅಯ್ಯೋ, ಕಿಟಕೀಗೂ ಧಾರೆ ಸೀರೆ ಉಡಿಸ್ಬಿಟ್ರಾ!"

ನಗಲು ಹೋದಳು. ನಕ್ಕರೆ ತಲೆ ಸಿಡಿಯುತ್ತಿತ್ತು, ನಿಲ್ಲಿಸಿದಳು.

ಮೂರನೆಯ ದಿನ, ಅವಳನ್ನು ನೋಡಿಕೊಳ್ಳಲು ಬಂದಿದ್ದ ನನ್ನ ಅಕ್ಕ ಊಟವಾದ ಮೇಲೆ ರಾಗಿ ಬೀಸಿಸಲು ಗಿರಣಿಗೆ ಹೋದಳು. ನಾನು ಮಗ್ಗ ಓಡಿಸತೊಡಗಿದೆ. ಮೂರು ಗಂಟೆ ದಾಟಿದ ಮೇಲೆ ಕರೆಂಟು ಹೋಯಿತು. ಮಗ್ಗ ನಿಂತಿತು.

ಆಗ ಕೇಳಿಸಿತು. ಕೂಗಲ್ಲ ಅದು. ಕೂಗಿ ಕೂಗಿ ಮುಗಿದ ಮೇಲೆ ಗಂಟಲಲ್ಲಿ ಉಳಿಯುವ ಸದ್ದು.

ಓಡಿದೆ. ಗಾಳಿಗೆ ಅಲುಗಾಡಿ ಅಲುಗಾಡಿ ಗಂಟುಗಳು ಜಾರಿದ್ದವು. ಒಂದು ಎಳೆಯೂ ಹರಿದಿರಲಿಲ್ಲ. ಕಡ್ಡಿಗಳೆಲ್ಲ ದಾರದ ಮೇಲೆ ಸರಿದು ಕೆಳಗೆ ರಾಶಿಯಾಗಿದ್ದವು. ಕಿಟಕಿಯ ಮೇಲರ್ಧ ಪೂರ್ತಿ ಬಯಲು. ಬಿಸಿಲು ನೇರವಾಗಿ ಅವಳ ಮುಖಕ್ಕೆ ಹೊಡೆಯುತ್ತಿತ್ತು. ತಲೆ ಹೊರಳಿಸುವ ಶಕ್ತಿ ಅವಳಿಗಿರಲಿಲ್ಲ. ಎರಡು ಕೈಗಳನ್ನೂ ಕಣ್ಣಿಗೆ ಒತ್ತಿಕೊಂಡಿದ್ದಳು.

ನಾನು ಅಡ್ಡ ನಿಂತೆ. ನೆರಳು ಬಿದ್ದದ್ದು ತಿಳಿದು ಕೈ ತೆಗೆದಳು. ಕಣ್ಣು ಬಿಡಲಿಲ್ಲ. ದನಿ ಹೊರಡಲಿಲ್ಲ. ಎರಡು ತೋರುಬೆರಳುಗಳ ತುದಿ ಕೂಡಿಸಿ ಬೇರೆ ಮಾಡಿದಳು.

ಅಕ್ಕ ಹೋದದ್ದಕ್ಕೂ ಕರೆಂಟು ಹೋದದ್ದಕ್ಕೂ ನಡುವೆ ಎರಡು ಗಂಟೆಯಾದರೂ ಇತ್ತು. ಅದರಲ್ಲಿ ಯಾವಾಗ ಕಡ್ಡಿ ಜಾರಿತೋ, ಅವಳು ಎಷ್ಟು ಹೊತ್ತು ಕೂಗಿದಳೋ ನನಗೆ ಗೊತ್ತಿಲ್ಲ. ಆಮೇಲೂ ಹನ್ನೊಂದು ದಿನ ಇದ್ದಳು. ಕೇಳಬಹುದಿತ್ತು. ಕೇಳಲಿಲ್ಲ.

ಅಂದೇ ಸಂಜೆ ಹತ್ತಿ ಹುರಿ ತಂದು, ಬುಟ್ಟಿಯವನು ಹೇಳಿಕೊಟ್ಟ ಗಂಟು ಹಾಕಿ ಪರದೆ ಸರಿಮಾಡಿದೆ. ಈ ಸಲ ಅವಳು ಬಣ್ಣ ಕೇಳಲಿಲ್ಲ.

ಬಿಸಿಲಿನಿಂದ ಸಾವು ಬೇಗ ಬರಲಿಲ್ಲ, ಹೇಗೂ ಬರುವುದಿತ್ತು ಎಂದು ಊರಿನ ಡಾಕ್ಟರು ನನ್ನ ಭುಜ ತಟ್ಟಿ ಹೇಳಿದರು. ಅವರು ಸಮಾಧಾನಕ್ಕೆ ಹೇಳಿದ ಮಾತು. ನನಗೆ ಅದರಲ್ಲಿ ಸಮಾಧಾನ ಸಿಗಲಿಲ್ಲ. ಆ ಹೊತ್ತೆಲ್ಲ ಅವಳು ಬದುಕಿಯೇ ಇದ್ದಳಲ್ಲ.

ಪರದೆ ಈಗಲೂ ಅಲ್ಲೇ ಇದೆ. ಹತ್ತಿ ಹುರಿ ಕಪ್ಪಾಗಿದೆ, ಒಂದು ಕಡ್ಡಿಯೂ ಜಾರಿಲ್ಲ. ಕೋಣೆಯಲ್ಲಿ ಯಾರೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಕರೆಂಟು ಇದ್ದರೂ ನಾನು ಮಗ್ಗ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂರುತ್ತೇನೆ. ಏನೂ ಕೇಳಿಸುವುದಿಲ್ಲ. ಮತ್ತೆ ಮಗ್ಗ ಓಡಿಸುತ್ತೇನೆ.