ಭೋಂಗಾ ಕಸಿದ ಶತಕ

ದಾಂಡೇಲಿಯಲ್ಲಿ ಕಾಗದದ ಮಿಲ್ಲಿನವರು ಆಡುತ್ತಿದ್ದ ಹಳೆಯ ಕ್ರಿಕೆಟ್ ಮೈದಾನ ನೋಡಲು ಹೋಗಿದ್ದೆ. ಅದನ್ನು ಕಾಯುವ ನಿವೃತ್ತ ಕಾರ್ಮಿಕ ದಸ್ತಗೀರ್ ಚಾಚಾ, ಶತಕ ಹೊಡೆದವರ ಬೋರ್ಡಿನಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಈ ನೂರರಾಗ ತೊಂಬತ್ತಾರು ನಂದು ರೀ."

"ಅದ್ಹೆಂಗ್ರಿ?"

"ಮಿಲ್ಲಿನಾಗ ಶಿಫ್ಟಿನ ಭೋಂಗಾ ಕೂಗ್ತು, ನಾ ಕೆಲಸಕ್ಕ ಓಡಬೇಕು. ಡ್ಯೂಟಿ ಮುಗಿಸಿ ಬಂದಾಂವಗ ಬ್ಯಾಟ್ ಕೊಟ್ಟು ಹೋಗೂದು, ನಮ್ಮ ರನ್ನೂ ಅವನ ಹೆಸರಿಗೆ. ಇಲ್ಲಿ ಪದ್ಧತಿನ ಹಂಗಿತ್ತು. ಅಂವ ಬಂದು ಒಂದು ಫೋರ್ ಹೊಡದ."

"ಬ್ಯಾಸರ ಆಗ್ಲಿಲ್ಲೇನ್ರಿ?"

"ಯಾಕ್ರಿ? ಅಂವ ಮಷೀನಿನಾಗ ಮುಕ್ಕಾಲು ಸುತ್ತಿ ಬಿಟ್ಟಿದ್ದ ಕಾಗದದ ರೋಲು ನನ್ನ ಹೆಸರಿಗೆ ಬಿತ್ತಲ್ಲ."

ಹೌದೆನ್ನಿಸಿತು. ಆದರೆ ಬೋರ್ಡಿನ ಉಳಿದ ಹೆಸರುಗಳಿಗೆಲ್ಲ ಹೊಸ ಬಿಳಿ ಬಣ್ಣವಿತ್ತು. ಅದೊಂದು ಮಾತ್ರ ಓದಲಾಗದಷ್ಟು ಮಾಸಿತ್ತು. ಬಣ್ಣ ಹಚ್ಚುವವರು ಯಾರೆಂದು ಕೇಳಿದೆ.

"ನಾನ ರೀ," ಅಂದರು ಚಾಚಾ.